ಕಟ್ಟದ ಸೇತುವೆ ತೋರಿಸಿ ಕೊಟ್ಟ ತಂಗಿ

ನೀಲಾ, ಸೇತುವೆ ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆಮೇಲೆ ಗೊತ್ತಾದದ್ದಲ್ಲ — ನೀನು ಕೇಳುವುದಕ್ಕೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಆ ಸುಳ್ಳಿನ ಮೇಲೆ ನಿನ್ನ ಮದುವೆಯಾಯಿತು, ನನ್ನದೂ ಆಯಿತು. ಕಂಪನಿಯವರು ನಮ್ಮ ಅಣ್ಣನಿಗೂ ಮೋಸ ಮಾಡಿದರು ಎಂದು ಇಷ್ಟು ವರ್ಷ ಕಂಡವರ ಮುಂದೆಲ್ಲ ಹೇಳಿಕೊಂಡು ಬಂದೆಯಲ್ಲ, ನನಗೆ ಯಾರೂ ಮೋಸ ಮಾಡಿಲ್ಲ.

ಇದನ್ನು ಬರೆಯುವಾಗ ಕೈ ನಡುಗುತ್ತಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಡುಗುತ್ತಿಲ್ಲ. ಸಿಟ್ಟು ಬಂದಿದೆ. ಮೊದಲು ನನ್ನ ಮೇಲೆ, ಆಮೇಲೆ ಎಲ್ಲ ಗೊತ್ತಿದ್ದಂತೆ ತಲೆಯಾಡಿಸಿದ ಹಿರಿಯರ ಮೇಲೆ, ಈಗ ಕೊನೆಗೂ ಎದ್ದ ಸೇತುವೆಯ ಮೇಲೆ ಮೊಬೈಲು ಹಿಡಿದು ಹಲ್ಲು ಕಿರಿಯುತ್ತ ನಿಂತವರ ಮೇಲೆ, ಮತ್ತು — ಇದನ್ನೂ ಹೇಳಿಬಿಡುತ್ತೇನೆ — ನಿನ್ನ ಮೇಲೆ. ಒಂದು ಸಲವಾದರೂ ನನ್ನನ್ನು ಅನುಮಾನಿಸಬಾರದಿತ್ತೇ ನೀನು? ಅಲ್ಲೇ ಕೆಲಸ ಮಾಡುವವನಿಗೆ ಕೆಲಸ ನಿಲ್ಲುವುದು ಹೇಗೆ ಗೊತ್ತಿರಲಿಲ್ಲ ಎಂದು ಒಮ್ಮೆ ಕೇಳಿದ್ದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ.

ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಗೊತ್ತಿಲ್ಲದ್ದು ಅದರ ನಡುವೆಯೇ ಇದೆ.

ತುಂಗಭದ್ರೆಯ ಮೇಲೆ ಹೊಸ ಹೆದ್ದಾರಿಗೆಂದು ಆ ಸೇತುವೆ ಶುರುವಾದಾಗ ನಾನು ಡಿಪ್ಲೊಮಾ ಮುಗಿಸಿ ಅಲ್ಲಿ ಸೂಪರ್‌ವೈಸರ್ ಆಗಿ ಸೇರಿದ್ದೆ. ಹೊಳೆಯ ನಡುವೆ ಎರಡು ಎತ್ತರದ ಕಂಬ, ಕಂಬದ ನೆತ್ತಿಯಿಂದ ಆಚೆಗೂ ಈಚೆಗೂ ಇಳಿಯುವ ದಪ್ಪ ಉಕ್ಕಿನ ತಂತಿಗಳು, ಆ ತಂತಿಗಳೇ ರಸ್ತೆಯನ್ನು ಎತ್ತಿ ಹಿಡಿಯುವಂಥ ಸೇತುವೆ. ನಮ್ಮ ಕಡೆಯವರು ಅಂಥದ್ದನ್ನು ಕಂಡಿರಲಿಲ್ಲ. ಹಾನಗಲ್ಲಿನಿಂದ, ಶಿಗ್ಗಾಂವಿಯಿಂದ ಜನ ಟೆಂಪೊ ಮಾಡಿಕೊಂಡು ನೋಡಲು ಬರುತ್ತಿದ್ದರು. ಕಂಬ ಇನ್ನೂ ಅರ್ಧ ಎದ್ದಿರಲಿಲ್ಲ, ಆಗಲೇ ನಾನು ಹೆಲ್ಮೆಟ್ ತಲೆಗೇರಿಸಿಕೊಂಡು, ತಂತಿ ಎರಡೂ ಕಡೆ ಒಂದೇ ಸಮ ಎಳೆದು ಹಿಡಿದರೆ ಮಾತ್ರ ರಸ್ತೆ ನಿಲ್ಲುತ್ತದೆ, ಒಂದು ಕಡೆ ಸಡಿಲಾದರೆ ಮುಗಿಯಿತು ಎಂದು ಅವರಿಗೆ ಪಾಠ ಹೇಳುತ್ತಿದ್ದೆ. ಸೇತುವೆಯನ್ನು ನಾನೇ ಕಟ್ಟುತ್ತಿದ್ದೇನೆ ಎಂಬಂಥ ಧಿಮಾಕು.

ಆಚೆ ದಡದಲ್ಲಿ ಗಿರಿಜೆಯ ಮನೆ. ಸೇತುವೆಗೆ ಏರುವ ರಸ್ತೆ ಅವಳ ಅಪ್ಪನ ಹೊಲದ ಬದುವಿಗೇ ಹತ್ತಿಕೊಂಡಿತ್ತು. ಮಜ್ಜಿಗೆ ಕುಡಿಯಲು ಹೋಗಿ ಅವಳನ್ನು ನೋಡಿದೆ, ಆಮೇಲೆ ಅವಳನ್ನು ನೋಡಲೆಂದೇ ಮಜ್ಜಿಗೆ ಕುಡಿದೆ. ಕೊನೆಗೆ ಕೇಳಿದೆ. ಅವಳ ಅಪ್ಪ ಇಲ್ಲ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ.

“ಕೊಟ್ಟು ತರೋದಾದ್ರ ನೋಡ್ರಿ,” ಅಂದರು. “ನಮ್ಮ ಹುಡುಗಿ ನಿಮ್ಮ ಮನಿಗೆ, ನಿಮ್ಮ ಹುಡುಗಿ ನಮ್ಮ ಮಗ ಶಿವಾನಂದಗ. ಹೊಳಿ ದಾಟಿ ಸುಮ್ಮನ ಹೆಣ್ಣ ಕೊಡೂದಿಲ್ಲ ನಾವು.”

ಕೊಟ್ಟು ತರುವ ಸಂಬಂಧಕ್ಕೆ ನಮ್ಮ ಹಿರಿಯರು ಬಹಳ ಗುಣ ಹೇಳುತ್ತಾರೆ. ವರದಕ್ಷಿಣೆಯ ರಗಳೆ ಇಲ್ಲ. ಅವರ ಮಗಳು ನಮ್ಮ ಮನೆಯಲ್ಲಿ ಇರುವುದರಿಂದ ನಮ್ಮ ಮಗಳನ್ನು ಅವರು ಹೂವಿನಂತೆ ನೋಡಿಕೊಳ್ಳುತ್ತಾರೆ, ಅವರ ಮಗಳನ್ನು ನಾವೂ ಹಾಗೆಯೇ. ಅದರ ಇನ್ನೊಂದು ಮಗ್ಗುಲನ್ನು ಯಾರೂ ಹೇಳುವುದಿಲ್ಲ. ಒಬ್ಬಳು ಬಿಟ್ಟು ಬಂದರೆ ಇನ್ನೊಬ್ಬಳನ್ನು ಕಳಿಸಬೇಕು. ಒಬ್ಬಳ ಸಂಸಾರಕ್ಕೆ ಇನ್ನೊಬ್ಬಳು ಒತ್ತೆ.

ಅಪ್ಪ ಒಂದೇ ಮಾತಿಗೆ ಒಪ್ಪಿದರು. ನೀನು ಒಪ್ಪಬೇಕಿತ್ತು. ಹಿರೇಕೆರೂರಿನಲ್ಲಿ ನಿನ್ನ ಹೊಲಿಗೆ ಅಂಗಡಿ ಇತ್ತಲ್ಲ — ಬಸ್ ನಿಲ್ದಾಣದ ಹಿಂದೆ, ಎರಡು ಮಶೀನು, ಒಂದು ಇಸ್ತ್ರಿ ಪೆಟ್ಟಿಗೆ, ಕನ್ನಡಿಯ ಮುಂದೆ ಒಂದು ಪರದೆ. ದಿನಾ ಬೆಳಿಗ್ಗೆ ನೀನು ನಮ್ಮೂರು ತಿಳವಳ್ಳಿಯಿಂದ ಬಸ್ಸು ಹತ್ತಿ ಹೋಗಿ, ಸಂಜೆ ಅದೇ ಬಸ್ಸಿಗೆ ತಿರುಗಿ ಬರುತ್ತಿದ್ದೆ. ನೀನು ಹೊಲಿದ ಕುಪ್ಪಸ ಬಗಲಲ್ಲಿ ಹಿಡಿಯುವುದಿಲ್ಲ ಎಂದು ಅಕ್ಕಿಆಲೂರಿನ ಹೆಂಗಸರು ಮದುವೆ ಕುಪ್ಪಸಕ್ಕೆ ಅಲ್ಲಿಯವರೆಗೆ ಬರುತ್ತಿದ್ದರು. ಬಂದ ಗಂಡುಗಳನ್ನೆಲ್ಲ ನೀನು ಬೇಡವೆಂದದ್ದು ಆ ಅಂಗಡಿಗಾಗಿ. “ಗಂಡ ಬ್ಯಾಡ ಅಂದಿಲ್ಲ ನಾ. ಅಂಗಡಿ ಬಿಡಾಕ ಒಲ್ಲೆ ಅಂದೇನಿ,” ಅನ್ನುತ್ತಿದ್ದೆ. ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು.

ಸೇತುವೆ ಆದರೆ ಆಚೆ ದಡದಿಂದ ಹಿರೇಕೆರೂರಿಗೆ ನೇರ ಬಸ್ಸು, ತಿಳವಳ್ಳಿಯಿಂದ ಹೋದಷ್ಟೇ ಸಲೀಸು. ಸೇತುವೆ ಇಲ್ಲದಿದ್ದರೆ ನೀರು ಇಳಿದಾಗ ತೆಪ್ಪ, ಇಲ್ಲವೇ ಹೊಳೆ ಸುತ್ತಿಕೊಂಡು ಮೂರು ಬಸ್ಸು. ಎಲ್ಲವೂ ಅದರ ಮೇಲೆ ನಿಂತಿತ್ತು. ನೀನು ಆಯಿತು ಅಂದೆ. ಅವರೂ ಆಯಿತು ಅಂದರು. ಅಂಗಡಿಗೆ ಹೋಗಿಬರಲಿ, ನಮ್ಮದೇನೂ ಅಡ್ಡಿ ಇಲ್ಲ ಅಂದರು.

ನಿಶ್ಚಯದ ದಿನ ಬೆಳಿಗ್ಗೆ ನಾನು ಸೈಟಿಗೆ ಹೋಗಿ ಬಂದದ್ದು ನಿನಗೆ ನೆನಪಿದೆಯೋ ಇಲ್ಲವೋ. ರಜೆ ಹೇಳಿ ಬರುತ್ತೇನೆ ಎಂದು ಹೋಗಿದ್ದೆ. ಅಲ್ಲಿ ತಂತಿಯ ಡ್ರಮ್ಮುಗಳನ್ನು ಟ್ರೇಲರಿಗೆ ಹೇರುತ್ತಿದ್ದರು. ದೊಡ್ಡ ದೊಡ್ಡ ಡ್ರಮ್ಮು, ಆ ತಂತಿ ಬರಲೆಂದು ನಾವು ತಿಂಗಳುಗಟ್ಟಲೆ ಕಾದಿದ್ದೆವು. ಹೇರುತ್ತಿದ್ದವನು ಬಂಕಾಪುರದ ದಾದಾಪೀರ, ನಮ್ಮ ಕ್ರೇನ್ ಓಡಿಸುವವನು.

“ವಾಪಸ್ ಹೊಂಟಾವ್ರಿ ಸಾಹೇಬ್ರ,” ಅಂದ. “ಬ್ಯಾರೆ ಯಾವುದೋ ಹೊಳಿಗಂತ. ಇಲ್ಲಿ ಇನ್ನ ಕಾಗಿ ಅಷ್ಟ ದಾಟ್ತಾವ.”

ನಾನು ನಂಬದೆ ಮೇಲಿನ ಸಾಹೇಬರ ಹತ್ತಿರ ಹೋದೆ. ಅವರು ಬಾಗಿಲು ಹಾಕಿಕೊಂಡು ಹೇಳಿದರು. ಕಂಬದ ಬುಡದ ವಿಷಯಕ್ಕೆ ಜಗಳ ಬಿದ್ದಿದೆ, ಕೋರ್ಟಿಗೆ ಹೋಗುತ್ತದೆ, ಕೆಲಸ ಬಂದ್, ಮತ್ತೆ ಯಾವ ಕಾಲಕ್ಕೋ ದೇವರೇ ಬಲ್ಲ. ಕೂಲಿಯವರಿಗೆ ಈಗಲೇ ಗೊತ್ತಾಗುವುದು ಬೇಡ ಅಂದರು. ನಾನು ತಲೆಯಾಡಿಸಿದೆ. ಮೋಟರ್‌ಸೈಕಲ್ಲು ಹತ್ತಿ ತಿಳವಳ್ಳಿಗೆ ಹೊರಟೆ. ದಾರಿಯುದ್ದಕ್ಕೂ ನಾನು ಯೋಚಿಸಿದ್ದು ನಿನ್ನ ಅಂಗಡಿಯನ್ನಲ್ಲ, ನೀಲಾ. ಇದನ್ನು ಬಾಯಿಬಿಟ್ಟರೆ ಗಿರಿಜೆ ಕೈತಪ್ಪುತ್ತಾಳೆ ಎಂಬುದನ್ನು. ಇವತ್ತು ಕಳೆಯಲಿ, ನಾಳೆ ಹೇಳಿದರಾಯಿತು ಎಂದುಕೊಂಡೆ — ಇಲ್ಲ, ಇದೂ ಸುಳ್ಳು. ನಾಳೆ ಹೇಳುವ ವಿಚಾರವೇ ನನಗಿರಲಿಲ್ಲ.

ಮನೆ ತುಂಬ ಜನ. ಆಚೆ ದಡದವರು ಹೊಳೆ ಸುತ್ತಿಕೊಂಡು ಟೆಂಪೊದಲ್ಲಿ ಬಂದು ಜಮಖಾನೆಯ ಮೇಲೆ ಕುಳಿತಿದ್ದರು. ತಟ್ಟೆಯಲ್ಲಿ ಸವಣೂರಿನ ಎಲೆ, ಅಡಿಕೆ, ಸಕ್ಕರೆ. ನೀನು ಹಿತ್ತಲ ಬಾಗಿಲಿನಿಂದ ನನ್ನನ್ನು ಸನ್ನೆ ಮಾಡಿ ಕರೆದೆ. ಹೊಸ ಸೀರೆ ಉಟ್ಟಿದ್ದೆ, ಮೈಮೇಲೆ ನೀನೇ ಹೊಲಿದುಕೊಂಡ ಕುಪ್ಪಸ. ಮುಖದಲ್ಲಿ ನಾಚಿಕೆ ಏನೂ ಇರಲಿಲ್ಲ, ಲೆಕ್ಕ ಕೇಳುವವರ ಮುಖ ಇತ್ತು.

“ಯಣ್ಣಾ, ನೀ ಅಲ್ಲೇ ಇರತಿ. ಖರೇ ಹೇಳು. ಬ್ರಿಡ್ಜ್ ಆಗತೈತೋ ಇಲ್ಲೋ? ಆಗೂದಿಲ್ಲ ಅಂದ್ರ ಈಗ ಹೇಳಿಬಿಡು, ನಾ ಅಪ್ಪಗ ಹೇಳತೇನಿ. ನಿನ್ನ ಮ್ಯಾಲ ಸಿಟ್ಟಾಗೂದಿಲ್ಲ.”

ಇಷ್ಟು ಸರಳವಾಗಿ ಕೇಳಿದ್ದೆ ನೀನು. ತಪ್ಪಿಸಿಕೊಳ್ಳಲು ನನಗೂ ಒಂದು ದಾರಿ ಬಿಟ್ಟುಕೊಟ್ಟೇ ಕೇಳಿದ್ದೆ.

“ಬರೋ ಯುಗಾದಿಗೆ ನೀ ಅದರ ಮ್ಯಾಲ ಸ್ಕೂಟಿ ಹೊಡಕೊಂಡು ಹೋಗತಿ, ನಡಿ ಒಳಗ,” ಅಂದೆ ನಾನು.

ನೀನು ನಕ್ಕು ಒಳಗೆ ಹೋದೆ. ಎಲೆ-ಅಡಿಕೆ ಕೈ ಬದಲಾಯಿತು. ಅಪ್ಪ ನನಗೂ ಸಕ್ಕರೆ ತಿನ್ನಿಸಿದರು. ನಾನು ತಿಂದೆ.

ಎರಡೂ ಮದುವೆ ಒಂದೇ ಹಂದರದಲ್ಲಿ ಆದವು. ಕೆಲಸ ನಿಂತ ಸುದ್ದಿ ಅಷ್ಟರಲ್ಲಿ ಊರಿಗೆ ಗೊತ್ತಾಗಲಿಲ್ಲವೇ ಎಂದು ಯಾರಾದರೂ ಕೇಳಿಯಾರು. ಮಳೆಗಾಲ ಮುಗಿಯಲಿ ಎಂದು ನಿಲ್ಲಿಸಿದ್ದಾರೆ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಹೆಲ್ಮೆಟ್ ಹಾಕಿಕೊಂಡವನ ಮಾತು, ಎಲ್ಲರೂ ನಂಬಿದರು. ಮಳೆಗಾಲ ಮುಗಿಯಿತು. ಕೆಲಸ ನಿಲ್ಲುವ ಮೊದಲು ಒಂದು ಕಂಬದಿಂದ ಮಾತ್ರ ನಾಲ್ಕಾರು ತಂತಿ ಎಳೆದು ಬಿಟ್ಟಿದ್ದರು, ಉಳಿದದ್ದು ಆಕಾಶ.

ನೀನು ಹಟ ಬಿಡಲಿಲ್ಲ. ಬೇಸಿಗೆಯಲ್ಲಿ ತೆಪ್ಪದಲ್ಲಿ ಅಂಗಡಿಗೆ ಬಂದೆ. ಹೊಳೆ ತುಂಬಿದಾಗ ಮೂರು ಬಸ್ಸು ಹತ್ತಿ ಇಳಿದು ಬಂದೆ. ನೀನು ಮುಟ್ಟುವ ಹೊತ್ತಿಗೆ ಗಿರಾಕಿಗಳು ಕಾದು ಕಾದು ಎದ್ದುಹೋಗಿರುತ್ತಿದ್ದರು, ನೀನು ಮನೆ ಸೇರುವ ಹೊತ್ತಿಗೆ ಅತ್ತೆಯ ಮುಖ ಗಂಟಾಗಿರುತ್ತಿತ್ತು. ಹೇಳಿದ ದಿನಕ್ಕೆ ಕುಪ್ಪಸ ಕೊಡದ ದರ್ಜಿಯ ಹತ್ತಿರ ಯಾರು ಬರುತ್ತಾರೆ? ಅಕ್ಕಿಆಲೂರಿನ ಹೆಂಗಸರು ಬೇರೆ ಕಡೆ ಹೋದರು. ಅಂಗಡಿಯ ಬೀಗದ ಕೈಯನ್ನು ಮಾಲೀಕನಿಗೆ ಕೊಟ್ಟ ದಿನ ನೀನು ಅಳಲಿಲ್ಲ. ಪರದೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ, ಅಷ್ಟೆ.

ಒಂದು ಮಶೀನು ಮಾರಿದೆ. ಇನ್ನೊಂದನ್ನು ಆಚೆ ದಡಕ್ಕೆ ಒಯ್ಯಬೇಕಿತ್ತು. ತೆಪ್ಪದಲ್ಲಿ ಅದನ್ನು ಹಿಡಿದುಕೊಂಡು ಕೂತವನು ನಾನೇ. ತೆಪ್ಪ ಹೊಯ್ದಾಡಿದಾಗಲೆಲ್ಲ ಅದರ ಗಾಲಿ ತಾನೇ ತಿರುಗುತ್ತಿತ್ತು. ನಡುಹೊಳೆಯಲ್ಲಿ ಆ ದರಿದ್ರ ಕಂಬದ ಪಕ್ಕದಲ್ಲೇ ಹಾದೆವು. ನಾನು ತಲೆ ಎತ್ತಲಿಲ್ಲ. ನೀನು ಅದನ್ನು ಬೇರೆ ತಿಳಿದೆ.

“ಮಾರಿ ಯಾಕ ಸಣ್ಣ ಮಾಡೀಯೋ ಯಣ್ಣಾ,” ಅಂದೆ. “ನೀ ಏನ್ ಮಾಡಾಕ ಬರತೈತಿ? ಕಂಪನಿಯವರು ನಿನಗೂ ಸುಳ್ಳ ಹೇಳ್ಯಾರ.”

ನಾನು ಹೂಂ ಅಂದೆ.

ನೀಲಾ, ನಿಶ್ಚಯದ ದಿನದ ಸುಳ್ಳಿಗಿಂತ ಈ ‘ಹೂಂ’ ಹೊಲಸು. ಅವತ್ತು ಹರೆಯ, ಆಸೆ, ಏನೋ ಒಂದು ಎನ್ನಬಹುದು — ಎನ್ನುವುದಿಲ್ಲ, ಆದರೆ ಎನ್ನಬಹುದು. ತೆಪ್ಪದಲ್ಲಿ ನನಗೆ ಆಸೆ ಪಡುವುದಕ್ಕೆ ಏನೂ ಉಳಿದಿರಲಿಲ್ಲ, ಗಿರಿಜೆ ಆಗಲೇ ನನ್ನ ಮನೆಯಲ್ಲಿದ್ದಳು. ಹೊಳೆ ದಾಟಿದ ಮೇಲೆ ಅಂಬಿಗ ಮಿಂಡ ಎನ್ನುತ್ತಾರಲ್ಲ, ಆ ಜಾತಿಯವನು ನಾನು. ನೀನು ನನಗೊಂದು ಸುಳ್ಳನ್ನು ಹೊಲಿದುಕೊಟ್ಟೆ, ಅದು ಎಲ್ಲೂ ಹಿಡಿಯಲಿಲ್ಲ, ನಾನು ತೊಟ್ಟುಕೊಂಡುಬಿಟ್ಟೆ.

ಆಮೇಲೆ ನೀನು ಚೀಲ ಹಿಡಿದುಕೊಂಡು ತವರಿಗೆ ಬಂದದ್ದು. ಆ ಮನೆಯಲ್ಲಿ ಹೊಲಿಗೆಗೆ ಕೂತರೆ ಗಿರಾಕಿಗಳು ಹೊತ್ತಿಲ್ಲದ ಹೊತ್ತಿನಲ್ಲಿ ಬರುತ್ತಾರೆ ಎಂದು ಶಿವಾನಂದ ಮಶೀನನ್ನು ಅಟ್ಟಕ್ಕೆ ಹಾಕಿದ್ದ. ನೀನು ತಿರುಗಿ ಹೋಗುವುದಿಲ್ಲ, ಹಿರೇಕೆರೂರಿನಲ್ಲಿ ಮತ್ತೆ ಅಂಗಡಿ ಹಿಡಿಯುತ್ತೇನೆ ಅಂದೆ. ಮರುದಿನವೇ ಆಚೆಯಿಂದ ಹೇಳಿಕಳಿಸಿದರು. ನಿಮ್ಮ ಹುಡುಗಿ ನಿಮ್ಮಲ್ಲಿ ಇರುವುದಾದರೆ ನಮ್ಮ ಹುಡುಗಿ ನಮ್ಮಲ್ಲಿಗೆ ಬರಲಿ ಎಂದು. ಗಿರಿಜೆ ಬಸುರಿ. ಅವಳು ಪೆಟ್ಟಿಗೆ ತೆಗೆದು ಸೀರೆ ಮಡಚತೊಡಗಿದಳು. ಅಪ್ಪ ಕಟ್ಟೆಯ ಮೇಲೆ ಕೂತು ನನ್ನನ್ನು ನೋಡಿದರು, ನಾನು ನೆಲ ನೋಡಿದೆ.

ಆಗ ಹೇಳಬಹುದಿತ್ತು. ನೀಲಾ ಇಲ್ಲೇ ಇರಲಿ, ಈ ಸಂಬಂಧ ಆದದ್ದೇ ನನ್ನ ಸುಳ್ಳಿನಿಂದ, ಬೇಕಾದರೆ ನನ್ನ ಸಂಸಾರ ಮುರಿಯಲಿ ಎಂದು ಗಂಡಸಿನಂತೆ ಒಂದು ಮಾತು. ಬಾಯಿಗೆ ಬಂದಿತ್ತು, ಖರೇನೇ ಬಂದಿತ್ತು, ನಾನು ಅದನ್ನು —

ನೀನು ಗಿರಿಜೆಯ ಕೈಯಿಂದ ಸೀರೆ ಕಸಿದು ಪೆಟ್ಟಿಗೆ ಮುಚ್ಚಿದೆ. ಚೀಲ ಹೆಗಲಿಗೆ ಹಾಕಿಕೊಂಡೆ. “ನಡಿ ಯಣ್ಣಾ, ಬಸ್ಸಿಗೆ ಬಿಡು,” ಅಂದೆ. ನಾನು ಬಿಟ್ಟು ಬಂದೆ. ಬಸ್ಸು ಹೋದ ಮೇಲೆ ನಿಲ್ದಾಣದಲ್ಲಿ ಒಂದು ಚಹಾ ಕುಡಿದೆ. ಚೆನ್ನಾಗಿತ್ತು ಚಹಾ. ಅದೂ ನೆನಪಿದೆ ನನಗೆ, ನನ್ನ ಮೇಲೆ ನನಗೇ ಹೇಸಿಗೆಯಾಗುವಂತೆ ನೆನಪಿದೆ.

ಇನ್ನು ಹೋರಾಟದ ಕಥೆ. ಇದನ್ನು ಕೇಳಿ ನೀನು ನಗಬೇಕು, ಆದರೆ ನಗಲಾರೆ. ಕಂಪನಿ ಬಿಟ್ಟು ನಾನು ಹಾನಗಲ್ಲಿನಲ್ಲಿ ಕಬ್ಬಿಣ-ಸಿಮೆಂಟಿನ ಅಂಗಡಿ ಹಾಕಿದ್ದೆ. ಸೇತುವೆ ಮುಗಿಸಿ ಎಂದು ಎರಡೂ ದಡದವರು ಧರಣಿ ಕೂತಾಗ, ನೀವು ಅಲ್ಲಿ ಕೆಲಸ ಮಾಡಿದವರು, ಒಳಗಿನದೆಲ್ಲ ಗೊತ್ತಿರುವವರು ಎಂದು ನನ್ನನ್ನು ಮುಂದೆ ಕೂರಿಸಿದರು. ಕೂತೆ. ಮೈಕು ಕೊಟ್ಟರು, ಹಿಡಿದೆ. “ಜನರ ಮುಂದ ಸುಳ್ಳ ಹೇಳಿದವರನ್ನ ಬಿಡೂದಿಲ್ಲ, ಉಪ್ಪು ತಿಂದವರು ನೀರು ಕುಡೀಲೇಬೇಕು,” ಎಂದು ಕೂಗಿದೆ. ಚಪ್ಪಾಳೆ ಬಿತ್ತು. ನೀನು ಹೆಂಗಸರ ಸಾಲಿನಲ್ಲಿ ಕೂತಿದ್ದೆ, ಎಲ್ಲರಿಗಿಂತ ಜೋರಾಗಿ ನೀನೇ ತಟ್ಟಿದೆ. ಪಕ್ಕದವರಿಗೆ ನಮ್ಮ ಅಣ್ಣ ಎಂದು ತೋರಿಸಿದ್ದೂ ನನಗೆ ಕಂಡಿತು. ಪಾಪ ತೊಳೆದುಕೊಳ್ಳಲು ಹೋರಾಟಕ್ಕಿಳಿದೆ ಎಂದು ಯಾರಾದರೂ ಒಳ್ಳೆಯ ಮನಸ್ಸಿನವರು ಅಂದಾರು. ಸುಳ್ಳು. ಚಪ್ಪಾಳೆ ರುಚಿಯಾಗಿತ್ತು, ಅದಕ್ಕೆ ಹೋಗುತ್ತಿದ್ದೆ.

ಬೇರೆ ಕಂಪನಿ ಬಂತು. ಬೇರೆ ತಂತಿ ಬಂತು. ಸೇತುವೆ ಈಗ ಎದ್ದು ನಿಂತಿದೆ. ನೋಡಲು ಚೆಂದವೇ ಇದೆ, ಇಲ್ಲವೆನ್ನುವುದಿಲ್ಲ. ನಾಡಿದ್ದು ಉದ್ಘಾಟನೆ. ಹೋರಾಟ ಮಾಡಿದವರಿಗೆ ಸನ್ಮಾನವಂತೆ, ಮೊದಲ ಹೆಸರೇ ನನ್ನದು. ಅದನ್ನು ಕೇಳಿ ನೀನು ಫೋನ್ ಮಾಡಿದೆ.

“ನೀ ಹೇಳಿದ್ದು ಖರೇ ಆತ ನೋಡ ಯಣ್ಣಾ. ತಡಾ ಆತು, ಅಷ್ಟ. ನಿನಗ ಶಾಲು ಹಾಕೂದನ್ನ ಮುಂದ ಕುಂತು ನೋಡತೇನಿ ನಾ.”

ತಡವಾಯಿತು, ಅಷ್ಟೇ. ನಿನ್ನ ಕಣ್ಣಿಗೆ ಈಗ ಸೂಜಿಗೆ ದಾರ ಪೋಣಿಸಲು ಕನ್ನಡಕ ಬೇಕು. ನಿನ್ನ ಅಂಗಡಿಯಿದ್ದ ಜಾಗದಲ್ಲಿ ಯಾರೋ ಮೊಬೈಲು ಮಾರುತ್ತಾರೆ. ಅಟ್ಟದ ಮೇಲಿನ ಮಶೀನು ತುಕ್ಕು ಹಿಡಿದು ಗುಜರಿಗೆ ಹೋಯಿತು. ಇಷ್ಟನ್ನೂ ‘ಅಷ್ಟ’ ಎಂಬ ಒಂದು ಮಾತಿನಲ್ಲಿ ಕಟ್ಟಿ ಹೊಳೆಗೆ ಬಿಟ್ಟೆಯಲ್ಲ. ಫೋನ್ ಇಟ್ಟ ಮೇಲೆ ನಾನು ಅಂಗಡಿಯ ಹುಡುಗರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ತಕ್ಕಡಿಯನ್ನು ಒದ್ದೆ. ಕಾಲು ಇನ್ನೂ ನೋಯುತ್ತಿದೆ.

ಮೊದಲು ಗಿರಿಜೆಗೆ ಹೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳು ನನ್ನ ಸುಳ್ಳಿನ ಅನ್ನವನ್ನೇ ಬೇಯಿಸಿದ್ದಳು. ಜೋಳದ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ನೀನು ಸೀರೆ ಕಸಿದುಕೊಂಡು ಪೆಟ್ಟಿಗೆ ಮುಚ್ಚಿದ್ದು ಅವಳಿಗೂ ನೆನಪಿತ್ತು.

“ಆಕಿಗೆ ಹೇಳ್ರಿ,” ಅಂದಳು.

ಹೇಳಿದರೆ ಏನಾಗುತ್ತದೋ ಎಂದೆ. ನೀನು ಬಿಟ್ಟು ಬಂದರೆ, ಅವಳ ಅಣ್ಣ ಶಿವಾನಂದ ಅವಳನ್ನು ವಾಪಸ್ ಕರೆದರೆ —

“ಬಿಟ್ಟು ಬರತೇನಿ ಅಂದ್ರ ಬರಲಿ. ನಾ ಎಲ್ಲಿ ಇರಬೇಕು ಅನ್ನೂದನ್ನ ನಾ ನೋಡಕೋತೇನಿ. ನಿಮ್ಮ ಜೋಡಿ ಇರೂದೋ ಬ್ಯಾಡೋ, ಅದನ್ನೂ ನೋಡಕೋತೇನಿ. ಆಗ ನಮ್ಮಿಬ್ಬರ ಬಾಳೇವು ನೀವ ತೂಗಿದ್ರಿ. ಇನ್ನ ಸಾಕು.” ಇಷ್ಟು ಹೇಳಿ ರೊಟ್ಟಿ ಬಡಿಯತೊಡಗಿದಳು. ನನಗೂ ಬಡಿಸಿದಳು.

ಸನ್ಮಾನ ಬೇಡವೆಂದು ಹೇಳಿಕಳಿಸಿದ್ದೇನೆ. ದೊಡ್ಡ ಗುಣ ಎಂದು ಅದಕ್ಕೂ ಹೊಗಳಿದರು, ಈ ಜನಕ್ಕೆ ಹೊಗಳಲು ಏನಾದರೂ ಬೇಕು. ವೇದಿಕೆಯ ಮೇಲೆ ಎಲ್ಲವನ್ನೂ ಒಪ್ಪಿಕೊಳ್ಳಬೇಕು ಎಂದು ಒಂದು ಗಳಿಗೆ ಅನ್ನಿಸಿತ್ತು. ಅದರಲ್ಲೂ ಚಪ್ಪಾಳೆಯ ವಾಸನೆ ಬಂತು, ಬಿಟ್ಟೆ. ಊರಿಗಿಂತ ಮೊದಲು ನಿನಗೆ ತಿಳಿಯಬೇಕು.

ನಾಳೆ ಬೆಳಿಗ್ಗೆ ಬರುತ್ತೇನೆ. ಸೇತುವೆಯ ಮೇಲೆ ವಾಹನ ಇನ್ನೂ ಬಿಟ್ಟಿಲ್ಲ, ನಡೆದೇ ದಾಟುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಗೆ ಕೊಟ್ಟು ಓಡಿಹೋಗುವುದಿಲ್ಲ. ನಿನ್ನ ಮುಂದೆ ನಿಂತು ಬಾಯಿಂದಲೇ ಹೇಳುತ್ತೇನೆ. ನಡುವೆ ಮತ್ತೆ ಏನಾದರೂ ಬಚ್ಚಿಟ್ಟುಕೊಂಡೇನು ಎಂಬ ಹೆದರಿಕೆಗೆ ಬರೆದುಕೊಂಡಿದ್ದೇನೆ. ಶಿವಾನಂದ ಇರಲಿ, ನಿನ್ನ ಮಕ್ಕಳಿರಲಿ, ಕೇಳಿಸಿಕೊಳ್ಳಲಿ. ನೀನು ಆ ಮನೆ ಬಿಟ್ಟು ಬರುವುದಾದರೆ ತಿಳವಳ್ಳಿಯ ಮನೆ ನಿನ್ನದು, ಯಾರು ಯಾರನ್ನು ವಾಪಸ್ ಕೇಳಿದರೂ ಈ ಸಲ ನಾನು ನೆಲ ನೋಡುವುದಿಲ್ಲ. ಬರುವುದಿಲ್ಲ ಎಂದರೂ ಅದು ನಿನ್ನ ಮಾತು.

ಕ್ಷಮೆ ಕೇಳುವುದಿಲ್ಲ ನೀಲಾ. ಕೇಳಿದರೆ ಕೊಟ್ಟುಬಿಡುತ್ತೀ. ಅದು ನಿನ್ನ ಕೆಟ್ಟ ಚಟ, ಇಷ್ಟು ವರ್ಷ ನಾನು ಬದುಕಿದ್ದೇ ಅದರ ಮೇಲೆ. ಬೈದರೆ ನಿಂತು ಕೇಳುತ್ತೇನೆ. ಬಾಗಿಲು ಹಾಕಿಕೊಂಡರೆ ಹೊರಗೆ ಕೂತಿರುತ್ತೇನೆ. ಇನ್ನೆಂದೂ ಬರಬೇಡ ಎಂದರೆ ಬರುವುದಿಲ್ಲ. ‘ಹೋಗಲಿ ಬಿಡ ಯಣ್ಣಾ’ ಎಂದು ಮಾತ್ರ ಅನ್ನಬೇಡ.